ಸರಕ್ ಎನ್ನುವ ಡಬ್ಬಿ

ಲಿಫ್ಟ್ ರಿಪೇರಿ ಮಾಡುವವನಿಗೆ ಹಳೆಯ ಯಂತ್ರಗಳ ಮೇಲೆ ಅಕ್ಕರೆ ಇರುತ್ತದೆಂದು ಯಾರಾದರೂ ತಿಳಿದಿದ್ದರೆ, ಅವರು ಹಳೆಯ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಒಂದು ಮಧ್ಯಾಹ್ನವನ್ನೂ ಕಳೆದಿಲ್ಲವೆಂದೇ ಅರ್ಥ. ಗುಂಡನಿಗೆ ಹಳೆಯ ಯಂತ್ರ ಕಂಡರೆ ಮೈಯೆಲ್ಲ ಉರಿ. ವಯಸ್ಸಾಯ್ತಾ, ಕಿತ್ತುಹಾಕಿ, ಹೊಸದು ಹಾಕಿಸಿ ಎಂದು ಕಟ್ಟಡದ ಮಾಲೀಕರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುವವನು ಅವನು. ಅಂಥವನು ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಕೈಯನ್ನು ತನ್ನ ತೋಳಿಗೆ ಸಿಕ್ಕಿಸಿಕೊಂಡು, ಹಳೆಯ ವಿಡಿಯೋ ಗೇಮ್ ಡಬ್ಬಿಗಳನ್ನು ಮಾರುವ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ.

ಚಿಕ್ಕಮ್ಮ ಎಂದರೆ ಅವನ ಅಮ್ಮನ ತಂಗಿ, ದೊಡ್ಡಾಸ್ಪತ್ರೆಯ ಟೆಲಿಫೋನ್ ಆಪರೇಟರ್. ಹರೆಯದಲ್ಲೇ ಕಾಯಿಲೆಯೊಂದು ಅವಳ ಎರಡೂ ಕಣ್ಣು ಕಸಿದುಕೊಂಡಿತ್ತು. ಆದರೆ ಕಿವಿಯ ವಿಷಯದಲ್ಲಿ ಅವಳದು ಎತ್ತಿದ ಕೈ. ಡಾಕ್ಟರುಗಳನ್ನು ಕೆಮ್ಮಿನಿಂದಲೇ ಗುರುತು ಹಿಡಿಯುತ್ತಿದ್ದಳು. ಫೋನನ್ನು ಕುಕ್ಕುವ ಸದ್ದಿನಲ್ಲೇ ಯಾವ ನರ್ಸು, ಇವತ್ತು ಯಾರ ಮೇಲೆ ಸಿಟ್ಟು ಎಂದು ಹೇಳಿಬಿಡುತ್ತಿದ್ದಳು. ಆಸ್ಪತ್ರೆಯಲ್ಲಿ ಅವಳ ಮುಂದೆ ಗುಟ್ಟು ಮಾತಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಗುಂಡ ಚಿಕ್ಕವನಿದ್ದಾಗ ಅಮ್ಮ ಕೆಲಸದಿಂದ ಬರುವವರೆಗೆ ಅವನನ್ನು ನೋಡಿಕೊಳ್ಳುತ್ತಿದ್ದವಳು ಈ ಚಿಕ್ಕಮ್ಮನೇ. ಮನೆಯಲ್ಲಿ ಆಗ ಒಂದು ಗೇಮ್ ಡಬ್ಬಿ ಇತ್ತು. ಅದರಲ್ಲಿ ಅವರಿಬ್ಬರೂ ಆಡುತ್ತಿದ್ದದ್ದು ಒಂದೇ ಆಟ, ಒಂದು ಜಗಳದ ಆಟ. ಆಟಗಾರರಿಗೆ ಹೆಸರಿಟ್ಟವರು ಇವರೇ. ದೊಡ್ಡ ಸೌಟು ಬೀಸುವವನು ಸೌಟಣ್ಣ, ಅವನು ಗುಂಡನವನು. ಕೊಡೆ ಹಿಡಿದ ಮುದುಕಿ ಕೊಡೆಯಜ್ಜಿ, ಅವಳು ಚಿಕ್ಕಮ್ಮನವಳು. ಮೊದಮೊದಲು ಚಿಕ್ಕಮ್ಮ ಸೋತು ಸುಣ್ಣವಾಗುತ್ತಿದ್ದಳು. ಆಮೇಲೊಂದು ದಿನ ಏನೋ ಹೊಳೆಯಿತು. ಎದುರಾಳಿ ದೊಡ್ಡ ಹೊಡೆತಕ್ಕೆ ಸಜ್ಜಾದನೆಂದರೆ, ಅದಕ್ಕೆ ಒಂದು ಚೂರು ಮುಂಚೆ 'ಸರಕ್' ಎಂದು ಸಣ್ಣ ಸದ್ದು. ಅದು ಕೇಳಿದ ಕೂಡಲೇ ಅವಳು ಕೊಡೆ ಬಿಚ್ಚುತ್ತಿದ್ದಳು. ಹೊಡೆತ ಕೊಡೆಗೆ ತಾಗಿ ಹೊಡೆದವನಿಗೇ ವಾಪಸ್ಸು ಬೀಳುತ್ತಿತ್ತು. ಅಲ್ಲಿಂದ ಬೀದಿಯಲ್ಲಿ ಅವಳನ್ನು ಸೋಲಿಸುವವರೇ ಹುಟ್ಟಲಿಲ್ಲ. ಮೀಸೆ ಬಂದ ಗಂಡಸರು ಪಂಥ ಕಟ್ಟಿ ಬಂದು, ಪೆಚ್ಚುಮೋರೆ ಹಾಕಿಕೊಂಡು ಮೆಟ್ಟಿಲಿಳಿದು ಹೋಗುತ್ತಿದ್ದರು. ಬಾಗಿಲಲ್ಲಿ ನಿಂತು ಅವರನ್ನು ಎಣಿಸುವುದೇ ಗುಂಡನಿಗೆ ಹಬ್ಬ. ನಮ್ಮ ಚಿಕ್ಕಮ್ಮ ಎಂದು ಅವನು ಎದೆಯುಬ್ಬಿಸಿದ್ದು ಆಗ. ಇವತ್ತಿಗೂ ಆ ಎದೆ ಇಳಿದಿಲ್ಲ. ಡಬ್ಬಿ ಮಾತ್ರ ಕೆಟ್ಟು, ಮನೆ ಬದಲಾಯಿಸುವಾಗ ಅಮ್ಮನ ಕೈಯಿಂದ ಗುಜರಿಗೆ ಹೋಯಿತು.

ಈಗ ಎರಡು ತಿಂಗಳ ಕೆಳಗೆ ಚಿಕ್ಕಮ್ಮ ಒಂದು ಕರೆಯನ್ನು ತಪ್ಪಾಗಿ ಜೋಡಿಸಿದಳು. ಹೊಸದಾಗಿ ತಂದೆಯಾದವನೊಬ್ಬ ಹೆರಿಗೆ ವಾರ್ಡು ಕೇಳಿದರೆ ಅವಳು ಅಡುಗೆಮನೆಗೆ ಕೊಟ್ಟಳು. "ತೂಕ ಎಷ್ಟಿದೆ?" ಎಂದು ಅವನು ಕೇಳಿದ. "ಐವತ್ತು ಕಿಲೋ, ಎರಡು ಮೂಟೆ, ಮೂಲೆಗೆ ಇಟ್ಟಿದೀವಿ," ಎಂದು ಅಡುಗೆಯವನು ಹೇಳಿದ. ಇಡೀ ಆಸ್ಪತ್ರೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ಚಿಕ್ಕಮ್ಮನೊಬ್ಬಳು ನಗಲಿಲ್ಲ.

ಅವಳ ಮನಸ್ಸು ತಿಳಿಯಾಗಲೆಂದು ಗುಂಡ ಅದೇ ಆಟವನ್ನು ತಂದುಕೊಟ್ಟ. ಹೊಸ ಡಬ್ಬಿಗೆಂದು ಕಂಪನಿಯವರು ಅದನ್ನು ಹೊಸದಾಗಿ ಮಾಡಿದ್ದರು. ಬಣ್ಣವೇನು, ಬೆಡಗೇನು! ಚಿಕ್ಕಮ್ಮ ಆಡಿದಳು, ಸೋತಳು. ಮತ್ತೆ ಆಡಿದಳು, ಮತ್ತೆ ಸೋತಳು. ಕೊನೆಗೆ ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು, "ಆ ಸರಕ್ ನಂಗೆ ಕೇಳಿಸ್ತಾನೇ ಇಲ್ಲ ಕಣೋ," ಎಂದಳು. "ಕಣ್ಣಿಗೆ ಅಳೋದನ್ನೆಲ್ಲ ಅವತ್ತೇ ಅತ್ತು ಮುಗಿಸಿದೆ. ಈಗ ಕಿವಿನೂ ಹೋದ್ರೆ ನನ್ನತ್ರ ಇನ್ನೇನಿದೆ ಹೇಳು."

ಆಸ್ಪತ್ರೆಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಅಂದರು. "ಅವರ ಪೀ ಪೀ ಸದ್ದು ಸತ್ತವರಿಗೂ ಕೇಳಿಸತ್ತೆ," ಎಂದು ಅವಳು ಮೂಗು ಮುರಿದಳು. ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ಮೇಲಿನವರಿಗೆ ಹೇಳಿಯೂ ಆಗಿತ್ತು.

ಹೊಸ ಆಟದಲ್ಲಿ ಸದ್ದೇ ಬದಲಾಗಿರಬಹುದು, ಹಳೆಯ ಡಬ್ಬಿಯಲ್ಲೇ ಆಡಿ ನೋಡಲಿ ಎನ್ನುವುದು ಗುಂಡನ ಲೆಕ್ಕಾಚಾರ. ಆದರೆ ಅಂಗಡಿಯ ಬಾಗಿಲು ತಳ್ಳುವಾಗ ಅವನಿಗೆ ಇನ್ನೊಂದು ಯೋಚನೆ ಬಂತು. ಅದರಲ್ಲೂ ಸೋತರೆ? ಅವಳ ಭಯಕ್ಕೆ ತಾನೇ ಮುದ್ರೆ ಒತ್ತಿಸಿಕೊಟ್ಟ ಹಾಗಾಗುತ್ತದಲ್ಲ.

ಅಂಗಡಿ ನಡೆಸುವವಳು ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದ ಹೆಂಗಸು. ವ್ಯಾಪಾರ ಮಾಡುವ ಆಸೆಯೇ ಇದ್ದ ಹಾಗಿರಲಿಲ್ಲ.

"ಆಡೋಕೋ, ಶೋಕೇಸಲ್ಲಿ ಇಡೋಕೋ?"

"ಆಡೋಕೆ," ಎಂದ ಗುಂಡ.

"ಹಾಗಾದ್ರೆ ಹಳೇದು ಬೇಡ. ಈಗಿನ ಟಿವಿಗೆ ಇದರ ವೈರು ಹತ್ತಲ್ಲ, ನಡುವೆ ಇನ್ನೊಂದು ಡಬ್ಬಿ ಬೇಕು. ಡಿಸ್ಕ್ ಓದೋ ಲೆನ್ಸ್ ಇವತ್ತೋ ನಾಳೆಯೋ ಅನ್ನೋ ಹಾಗಿರತ್ತೆ. ಕೆಟ್ರೆ ಸ್ಪೇರ್ ಸಿಗಲ್ಲ. ಅದೇ ಆಟ ಹೊಸದರಲ್ಲಿ ಬಂದಿದೆ, ಅದನ್ನ ತಗೊಂಡು ಆರಾಮಾಗಿರಿ."

ಗುಂಡ ತಾನು ದಿನಾ ಹೇಳುವ ಭಾಷಣವನ್ನು ಬೇರೆಯವರ ಬಾಯಲ್ಲಿ ಕೇಳಿ ದಂಗಾದ. "ನೀವು ಹೇಳೋದು ನೂರಕ್ಕೆ ನೂರು ನಿಜ ಮೇಡಂ. ಆದ್ರೂ ಬೇಕು."

"ಹಟ ಇದ್ರೆ ಇದನ್ನ ನೋಡಿ," ಎಂದು ಅವಳು ಒಂದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಹೇಳುವಾಗ ಮುಖದಲ್ಲಿ ಮೊದಲ ಸಲ ಹೆಮ್ಮೆ ಕಂಡಿತು. "ನಾನೇ ಸರಿ ಮಾಡಿದ್ದು. ಡಿಸ್ಕ್ ತಿರುಗೋ ಭಾಗಾನೇ ತೆಗೆದುಹಾಕಿ ಮೆಮೊರಿ ಕಾರ್ಡ್ ಕೂರಿಸಿದೀನಿ. ಕೆಡೋಕೆ ಒಳಗೆ ಏನೂ ಉಳಿದಿಲ್ಲ. ಸದ್ದು ಅದೇ, ಚಿತ್ರ ಅದೇ."

ಗುಂಡ ಒಳಗಿನ ಬೆಸುಗೆಯನ್ನು ಬಗ್ಗಿ ನೋಡಿ ತಲೆದೂಗಿದ. ಅಷ್ಟು ಅಚ್ಚುಕಟ್ಟಿನ ಕೆಲಸ. ಚಿಕ್ಕಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ಇಬ್ಬರೂ ಆಡಿದರು. ಹಳೆಯ ಸಂಗೀತ ಬರುತ್ತಲೇ ಚಿಕ್ಕಮ್ಮನ ಮುಖ ಅರಳಿತು. ಸೌಟಣ್ಣ ಮೊದಲ ದೊಡ್ಡ ಹೊಡೆತ ಹೊಡೆದ. ಕೊಡೆ ಬಿಚ್ಚಲಿಲ್ಲ. ಎರಡನೆಯದಕ್ಕೂ ಬಿಚ್ಚಲಿಲ್ಲ. ಬೇಕೆಂದೇ ಸೋಲೋಣವೆಂದು ಗುಂಡ ಕೈ ಸಡಿಲ ಬಿಟ್ಟರೆ, "ಮೋಸ ಮಾಡ್ಬೇಡ," ಎಂದು ಗದರಿದಳು. ಕೊಡೆಯಜ್ಜಿ ನೆಲಕ್ಕೊರಗಿದಳು.

"ಸಾಕು ಗುಂಡ, ಮನೆಗೆ ಹೋಗೋಣ," ಎಂದಳು ಚಿಕ್ಕಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಗುಂಡನಿಗೆ ಅದೇ ಹೆಚ್ಚು ನೋವಾಯಿತು. ಯಾಕಾದರೂ ಕರೆತಂದೆನೋ ಎಂದು ತನ್ನನ್ನೇ ಬೈದುಕೊಳ್ಳುತ್ತ ಅವಳ ಕೋಲು ಎತ್ತಿಕೊಟ್ಟ.

ಅಂಗಡಿಯವಳು ತನ್ನ ಕೆಲಸಕ್ಕೆ ಮರಳಿದಳು. ಗೋಡೆಯ ಪಕ್ಕ ಮುಚ್ಚಳ ಬಿಚ್ಚಿದ ಇನ್ನೊಂದು ಡಬ್ಬಿ ಇತ್ತು. ಅದಕ್ಕೊಂದು ಡಿಸ್ಕ್ ಹಾಕಿ ಸ್ವಿಚ್ ಒತ್ತಿದಳು. ಡಿಸ್ಕ್ ತಿರುಗತೊಡಗಿತು.

ಸರಕ್.

ಹೊಸ್ತಿಲ ಮೇಲೆ ಕಾಲಿಟ್ಟಿದ್ದ ಚಿಕ್ಕಮ್ಮ ಹಾಗೆಯೇ ನಿಂತುಬಿಟ್ಟಳು. "ಅದೇನದು?"

"ಅಯ್ಯೋ, ಅದು ಬಿಡಿಭಾಗಕ್ಕೆ ಅಂತ ಇಟ್ಟಿರೋ ಡಬ್ಬಿ. ಲೆನ್ಸಿನ ಕಂಬಿ ಸವೆದು ಗಲಾಟೆ ಮಾಡತ್ತೆ."

"ನಮ್ಮ ಆಟ ಅದಕ್ಕೆ ಹಾಕಮ್ಮಾ," ಎನ್ನುತ್ತ ಚಿಕ್ಕಮ್ಮ ಆಗಲೇ ಕೋಲು ಮಡಚುತ್ತಿದ್ದಳು.

ಮತ್ತೆ ಕೂತರು. ಗುಂಡ ಈ ಸಲ ಕೈ ಸಡಿಲ ಬಿಡಲಿಲ್ಲ, ಬಿಡುವ ಧೈರ್ಯವಾಗಲಿಲ್ಲ. ಸೌಟು ಬೀಸಲು ಗುಂಡಿ ಒತ್ತಿದ. ಸರಕ್. ಫಟ್ಟೆಂದು ಕೊಡೆ ಬಿಚ್ಚಿತು. ಸೌಟು ತಿರುಗಿ ಸೌಟಣ್ಣನ ನೆತ್ತಿಗೇ ಬಡಿಯಿತು. ಆಕಸ್ಮಿಕವೇನೋ ಎಂದು ಮತ್ತೆ ಬೀಸಿದ. ಸರಕ್, ಫಟ್. ಹಾರಿ ಬೀಸಿದ, ಬಗ್ಗಿ ಬೀಸಿದ, ಹಿಂದಿನಿಂದ ಬಂದು ಬೀಸಿದ. ಕೊಡೆ ಒಂದೇ ಒಂದು ಸಲವೂ ತಪ್ಪಲಿಲ್ಲ. ಚಿಕ್ಕಮ್ಮ ಪರದೆಗೆ ಬೆನ್ನು ಹಾಕಿ, ಕತ್ತು ಒಂದಿಷ್ಟು ವಾಲಿಸಿ, ತುಟಿ ಕಚ್ಚಿ ಕೂತಿದ್ದಳು. ಪಂಥ ಕಟ್ಟಿ ಬಂದವರೆದುರು ಅವತ್ತು ಕೂರುತ್ತಿದ್ದದ್ದೂ ಹೀಗೆಯೇ. ಅಂಗಡಿಯವಳು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಸೌಟಣ್ಣ ಮಣ್ಣು ಮುಕ್ಕಿದ. ಗುಂಡನಿಗೆ ಸೋತ ಖುಷಿಗೆ ಕಣ್ಣು ಒದ್ದೆಯಾಯಿತು.

ಆಗಲೇ ಅವನೊಳಗಿನ ಲಿಫ್ಟಿನವನು ಎಚ್ಚೆತ್ತ. ಸ್ಪೀಕರುಗಳು ಬಲಗಡೆ ಇದ್ದವು, ಸರಕ್ ಬಂದದ್ದು ಎಡಗಡೆಯಿಂದ. ಅವನು ಡಬ್ಬಿಯ ಮೇಲೆ ಬೆರಳಿಟ್ಟು ಇನ್ನೊಂದು ಸಲ ಸೌಟು ಬೀಸಿದ. ಬೆರಳಿಗೆ ಸಣ್ಣ ಜಗ್ಗು ತಾಗಿತು. ದೊಡ್ಡ ಹೊಡೆತದ ಚಿತ್ರ, ಕೂಗು ಎಲ್ಲ ಡಿಸ್ಕಿನ ಯಾವುದೋ ಮೂಲೆಯಲ್ಲಿತ್ತು. ಅದನ್ನು ತರಲು ಲೆನ್ಸ್ ಪ್ರತಿಸಲವೂ ಅಷ್ಟು ದೂರ ಓಡುತ್ತಿತ್ತು. ಲಿಫ್ಟ್ ಹೊರಡುವ ಮುಂಚೆ ಬ್ರೇಕ್ ಬಿಡುವ ಸದ್ದಿನ ಹಾಗೆ.

"ಚಿಕ್ಕಮ್ಮಾ, ಆ ಸರಕ್ ಆಟದಲ್ಲಿ ಇಲ್ವೇ ಇಲ್ಲ. ಅದು ಡಬ್ಬಿ ಸದ್ದು! ಹೊಸದರಲ್ಲಿ ಡಿಸ್ಕೇ ತಿರುಗಲ್ಲ, ಇವರು ಸರಿ ಮಾಡಿದ್ರಲ್ಲೂ ತಿರುಗಲ್ಲ. ಇಲ್ಲದ ಸದ್ದು ಎಲ್ಲಿಂದ ಕೇಳಿಸ್ಬೇಕು?"

"ಆಟ ಮಾಡಿದೋರಿಗೂ ಇದು ಗೊತ್ತಿರಲಿಕ್ಕಿಲ್ಲ," ಎಂದಳು ಅಂಗಡಿಯವಳು. "ನಾನು ದಿನಾ ಈ ಸದ್ದು ಕೇಳ್ತೀನಿ. ಯಾವತ್ತೂ ಕಿವಿ ಕೊಟ್ಟಿಲ್ಲ."

ಚಿಕ್ಕಮ್ಮ ಕಂಟ್ರೋಲರನ್ನು ಮಡಿಲಲ್ಲಿಟ್ಟಳು. ಆಮೇಲೆ, "ಹಾಗಾದ್ರೆ ನನ್ನ ಕಿವಿ ಇದೆ," ಎಂದು ಮೆಲ್ಲಗೆ ಹೇಳಿ, ಎರಡೂ ಕೈಯಲ್ಲಿ ಕಿವಿ ಮುಟ್ಟಿಕೊಂಡು ನಕ್ಕಳು. ಹೆರಿಗೆ ವಾರ್ಡಿನ ನಗು ಈಗ ಬಂದಿತ್ತು. ಐವತ್ತು ಕಿಲೋ ಅಂತೆ, ಎರಡು ಮೂಟೆ ಅಂತೆ ಎಂದು ಸ್ಟೂಲಿನ ಮೇಲೆ ಬಿದ್ದು ಬಿದ್ದು ನಕ್ಕಳು.

"ಇದನ್ನೇ ತಗೋತೀವಿ," ಎಂದ ಗುಂಡ.

"ಇದು ಜಾಸ್ತಿ ದಿನ ಬಾಳಲ್ಲ, ನಿಮಗೂ ಗೊತ್ತು. ಲೆನ್ಸಿನ ಕಂಬಿಗೆ ಒಂದು ತೊಟ್ಟು ಗ್ರೀಸ್ ಹಾಕಿ ಕೊಡ್ಲಾ? ಸದ್ದಾದ್ರೂ ಕಡಿಮೆಯಾಗತ್ತೆ."

"ಬೇಡ!" ಎಂದರು ಚಿಕ್ಕಮ್ಮ, ಗುಂಡ ಇಬ್ಬರೂ ಒಟ್ಟಿಗೆ. ಗ್ರೀಸ್ ಬೇಡವೆಂದು ಗುಂಡ ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಮರುದಿನ ಅವನು ಒಂದು ಹಳೆಯ ಲಿಫ್ಟಿನ ಗುಂಡಿಯೊಳಗೆ ಇಳಿದಿದ್ದ. ಮನಸ್ಸು ಕೆಲಸದಲ್ಲಿರಲಿಲ್ಲ. ಕೆಲಸ ಬಿಡುವ ಮಾತನ್ನು ಚಿಕ್ಕಮ್ಮ ವಾಪಸ್ಸು ತಗೊಂಡಳೋ ಇಲ್ಲವೋ, ಕೇಳಲು ಬಾಯೇ ಬಂದಿರಲಿಲ್ಲ. ಗೊತ್ತಿಲ್ಲದವರ ಹಾಗೆ ದನಿ ಬದಲಾಯಿಸಿ ಮಾತಾಡೋಣವೆಂದು ಆಸ್ಪತ್ರೆಗೆ ಫೋನ್ ಮಾಡಿದ. ಅತ್ತ ಕಡೆ ಎತ್ತಿದ ಸದ್ದಾಯಿತು. ಗುಂಡ ನಟ್ಟು ಬಿಗಿಯುವ ಪಾನಾವನ್ನು ಕಬ್ಬಿಣದ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು ಉಸಿರೆಳೆದುಕೊಂಡ, ಅಷ್ಟೇ.

"ಗುಂಡಿಯಿಂದ ಮೇಲೆ ಹತ್ತಿ ಮಾತಾಡೋ," ಎಂದಳು ಚಿಕ್ಕಮ್ಮ. "ಸದ್ದೆಲ್ಲ ಮೊಳಗ್ತಾ ಇದೆ. ಮತ್ತೆ ಆ ಪಾನಾ ಅಂಚಲ್ಲಿ ಇಟ್ಟಿದೀಯ, ಬೀಳತ್ತೆ."