ಹೆಂಗಸರ ಕಡೆಯ ಕ್ಯಾಮರಾ

ಬ್ಯಾರಿ ಮುಸ್ಲಿಮರ ಮದುವೆಯಲ್ಲಿ ಹೆಂಗಸರ ಕಡೆಯ ವಿಡಿಯೊ ತೆಗೆಯಲು ಹೆಂಗಸೇ ಬೇಕು, ಅದನ್ನು ಕೂತು ಎಡಿಟ್ ಮಾಡಲೂ ಹೆಂಗಸೇ ಬೇಕು. ಸುಳ್ಯದ ಶಾನವಾಝ್‌ನ ಸ್ಟುಡಿಯೊದಲ್ಲಿ ಏಳು ವರ್ಷದಿಂದ ಆ ಎರಡೂ ಕೆಲಸ ನಶೀದಾಳದು. ಹಾಗಾಗಿ ಶಾನವಾಝ್ ತನ್ನದೇ ಸ್ಟುಡಿಯೊದ ಅರ್ಧ ಕೆಲಸವನ್ನು ಕಣ್ಣಾರೆ ನೋಡಿದವನಲ್ಲ. ನೋಡದಿದ್ದರೂ ಅಭಿಪ್ರಾಯಕ್ಕೆ ಅವನಲ್ಲಿ ಬರಗಾಲ ಇರಲಿಲ್ಲ.

ನಶೀದಾಳ ಕೈಯಲ್ಲಿದ್ದದ್ದು ಒಂದು ಪುಟ್ಟ ಸಿನಿಮಾ ಕ್ಯಾಮರಾ. ಶಾನವಾಝ್ ಆಸೆಪಟ್ಟು ತನಗೆಂದೇ ತರಿಸಿದ್ದು. ಬಣ್ಣ ಹಿಡಿಯುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಕೈ ಅಲುಗಿದರೆ ಚಿತ್ರವೂ ಅಲುಗುತ್ತದೆ, ತಡೆಯುವ ಏರ್ಪಾಡು ಒಳಗೆ ಏನೂ ಇಲ್ಲ. ಅದರಲ್ಲಿ ಶಾನವಾಝ್ ತೆಗೆದ ಮೊದಲ ಮದುವೆಯ ವಿಡಿಯೊ ನೋಡಿ ಮದುಮಗ, ನನ್ನ ನಿಕಾಹ್ ದಿನ ಭೂಕಂಪ ಆದದ್ದು ನನಗೆ ಗೊತ್ತೇ ಆಗಲಿಲ್ಲವಲ್ಲ ಎಂದನಂತೆ. ಮರುದಿನವೇ ಕ್ಯಾಮರಾ ನಶೀದಾಳ ಪಾಲಿಗೆ ಬಂತು. ಅವಳು ಜಾಲ್ಸೂರಿನ ಮನೆಯ ತಾರಸಿಯಲ್ಲಿ, ಅಂಗೈ ಮೇಲೆ ನೀರು ತುಂಬಿದ ಲೋಟ ಇಟ್ಟುಕೊಂಡು, ಮೊಣಕಾಲು ಸ್ವಲ್ಪ ಮಡಚಿ ಮೂರು ತಿಂಗಳು ನಡೆದಳು. ಮುಂದಕ್ಕೂ ನಡೆದಳು, ಹಿಂದಕ್ಕೂ ನಡೆದಳು. ಮಗಳಿಗೆ ಏನೋ ಆಗಿದೆ ಎಂದು ತಾಯಿ ಪಾತುಮ್ಮ ಮಸೀದಿಯ ಉಸ್ತಾದರಿಂದ ನೀರಿಗೆ ದುಆ ಓದಿಸಿ ತಂದರು. ಆ ನೀರನ್ನೂ ಅವಳು ಲೋಟದಲ್ಲಿ ಹಿಡಿದು ನಾಲ್ಕು ಸುತ್ತು ನಡೆದೇ ಕುಡಿದಳು.

ಈಗ ಶಾನವಾಝ್ ಇನ್ನೊಂದು ಕ್ಯಾಮರಾ ತಂದಿದ್ದ. ಅದೂ ಅಷ್ಟೇ ಪುಟ್ಟದು. ಆದರೆ ಕೈ ಎಷ್ಟು ನಡುಗಿದರೂ ಒಳಗಿನ ಸೆನ್ಸರ್ ತಾನೇ ಅತ್ತಿತ್ತ ಸರಿದು ಚಿತ್ರವನ್ನು ನಿಲ್ಲಿಸುತ್ತದೆ. ಇನ್ನು ಯಾರು ಬೇಕಾದರೂ ತೆಗೆಯಬಹುದು ಎಂದು ಅವನ ಎಣಿಕೆ. ಯಾರು ಬೇಕಾದರೂ ಎಂದರೆ ಅವನ ಹೆಂಡತಿಯ ಅಕ್ಕನ ಮಗಳು ಶಹನಾ, ಪುತ್ತೂರಿನಲ್ಲಿ ಡಿಗ್ರಿ ಓದುತ್ತಿದ್ದವಳು. ನಶೀದಾ ಎಡಿಟಿಂಗ್ ಮಾಡಿಕೊಂಡು ಫ್ಯಾನಿನಡಿ ತಣ್ಣಗೆ ಕೂರಬಹುದು ಎಂದು ಉಪಕಾರ ಮಾಡುವವನಂತೆ ಹೇಳಿದ. ಬೇರೆಯವರು ತೆಗೆದದ್ದನ್ನು ಕತ್ತರಿಸುತ್ತಾ ಕೂರುವುದಕ್ಕೆ ನಶೀದಾ ಮೂರು ತಿಂಗಳು ನಡೆದಿರಲಿಲ್ಲ.

"ಒಳಗೆ ಎಂತ ಇದ್ರೂ ನಡಿಯುದು ಕಾಲು ಅಲ್ವಾ ಶಾನವಾಝ್ಕಾ?" ಎಂದಳು.

ಅಂಥ ಏರ್ಪಾಡು ಬೇಕೇ ಬೇಕು ಎಂದು ಅವನು, ಬೇಡವೇ ಬೇಡ ಎಂದು ಅವಳು. ಮುಂದಿದ್ದ ಚಹಾ ಆರಿಹೋಗುವವರೆಗೂ ವಾದ ನಡೆಯಿತು. ಕೊನೆಗೆ ನೆಲ್ಯಾಡಿಯ ಮದುವೆಯಲ್ಲಿ ನಶೀದಾ, ಶಹನಾ ಇಬ್ಬರೂ ತೆಗೆಯುವುದು, ಆ ಮನೆಯ ಹೆಂಗಸರಿಗೆ ಯಾರದು ಹಿಡಿಸುತ್ತದೋ ಹೆಂಗಸರ ಕಡೆ ಇನ್ನು ಅವರಿಗೇ ಎಂದು ತೀರ್ಮಾನವಾಯಿತು. ಬೇರೆ ದಾರಿಯೂ ಇರಲಿಲ್ಲ. ತೀರ್ಪು ಕೊಡಬೇಕಾದ ಮಾಲೀಕ ನೋಡುವ ಹಾಗೇ ಇಲ್ಲವಲ್ಲ.

ಶಹನಾ ಒಳ್ಳೆಯ ಹುಡುಗಿ, ಅದೇ ತೊಂದರೆ. ಮದುವೆಯ ದಿನ ಬಂದವಳೇ ಯಾವ ಲೆನ್ಸ್ ಹಾಕಲಿ ಎಂದು ನಶೀದಾಳನ್ನೇ ಕೇಳಿದಳು. ತೀರಾ ಅಗಲದ ಲೆನ್ಸ್ ಹಾಕಿಕೊಂಡು ನಡೆದರೆ ಹೊಸ ಕ್ಯಾಮರಾ ನಡುವಿನದ್ದನ್ನು ಮಾತ್ರ ಗಟ್ಟಿ ಹಿಡಿಯುತ್ತದೆ, ಮೂಲೆಯಲ್ಲಿದ್ದದ್ದು ರಬ್ಬರಿನ ಹಾಗೆ ಎಳೆದಾಡುತ್ತದೆ ಎಂಬುದು ನಶೀದಾಳಿಗೆ ಗೊತ್ತಿತ್ತು. ಸ್ಟುಡಿಯೊದಲ್ಲಿ ಯಾರೂ ಇಲ್ಲದಾಗ ಗೋಡೆಯ ಕ್ಯಾಲೆಂಡರಿನ ಮೇಲೆ ಪ್ರಯೋಗ ಮಾಡಿ, ತಿಂಗಳ ಕೊನೆಯ ವಾರ ತೂಗಾಡಿದ್ದನ್ನು ಅವಳು ನೋಡಿದ್ದಳು.

"ಇದ್ದದ್ರಲ್ಲಿ ಅಗಲದ್ದೇ ಹಾಕು. ಹಾಲ್ ಸಣ್ಣ ಉಂಟು, ಎಲ್ಲರೂ ಬರ್ಬೇಕಲ್ಲ" ಎಂದಳು, ಬಾಯಲ್ಲಿ ಬೆಲ್ಲ ಇಟ್ಟುಕೊಂಡವಳಂತೆ.

ಅಷ್ಟಕ್ಕೇ ಬಿಡಲಿಲ್ಲ. ಮದುಮಗಳ ಸೋದರತ್ತೆ ಸಫೂರಾ, ಹಜ್‌ಗೆ ಹೋಗಿಬಂದ ಮೇಲೆ ಎಲ್ಲರೂ ಹಜ್ಜುಮ್ಮ ಎಂದೇ ಕರೆಯುತ್ತಿದ್ದವರು, ಗಂಡಸರ ಮಾತಿಗೆ ಸೊಪ್ಪು ಹಾಕದ ಹೆಂಗಸು. ಆ ಮನೆಯಲ್ಲಿ ಅವರು ಹೂಂ ಎನ್ನದೆ ಒಲೆಯೂ ಉರಿಯುವುದಿಲ್ಲ. ಅವರ ಕುರ್ಚಿಯನ್ನು ನಶೀದಾ ಬಹಳ ಮರ್ಯಾದೆಯಿಂದ ವೇದಿಕೆಯ ತುದಿಗೆ ಸರಿಸಿ, ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಕೂರಿಸಿದಳು.

ಆಮೇಲೆ ಮದುಮಗಳು ಮೇಲಿನ ಹಾಲ್‌ಗೆ ಮೆಟ್ಟಿಲು ಹತ್ತತೊಡಗಿದಳು. ನಶೀದಾ ಅವಳ ಮುಖಕ್ಕೇ ಕ್ಯಾಮರಾ ಹಿಡಿದು, ಇಪ್ಪತ್ತೆರಡು ಮೆಟ್ಟಿಲನ್ನೂ ಹಿಮ್ಮುಖವಾಗಿ ಹತ್ತಿದಳು. ಮದುಮಗಳ ಕಣ್ಣಲ್ಲಿ ನೀರು ತುಂಬಿ, ಬೀಳಲೋ ಬೇಡವೋ ಎಂದು ನಿಂತದ್ದು ಕೊನೆಯ ಮೆಟ್ಟಿಲವರೆಗೂ ಚಿತ್ರದ ನಡುವಿನಿಂದ ಒಂದು ಕೂದಲಿನಷ್ಟೂ ಸರಿಯಲಿಲ್ಲ. ಏಳು ವರ್ಷದಲ್ಲಿ ಅಂಥದ್ದು ಅವಳಿಗೆ ಒಂದೂ ಸಿಕ್ಕಿರಲಿಲ್ಲ. ಆ ಖುಷಿಯಲ್ಲೇ ಕ್ಯಾಮರಾವನ್ನು ಶಹನಾಳ ಪಕ್ಕದಲ್ಲಿಟ್ಟು ಊಟಕ್ಕೆ ಹೋದಳು.

ಎರಡು ವಾರ ಕಳೆದು ಮೂವರೂ ಮದುಮಗಳ ಮನೆಗೆ ಹೋದರು. ಹೆಂಗಸರು ಒಳಗೆ ಟೀವಿಯ ಮುಂದೆ, ಶಾನವಾಝ್ ಹೊರಗೆ ಸಿಟೌಟಿನಲ್ಲಿ. ಮೊದಲು ಶಹನಾಳದ್ದು ಹಾಕಿದರು. ಮದುಮಗಳು ನಡುವಿನಲ್ಲಿ ಕಲ್ಲಿನಂತೆ ನಿಂತಿದ್ದಳು. ಮೂಲೆಯಲ್ಲಿ ಹಜ್ಜುಮ್ಮನ ಎಡಗೆನ್ನೆ ಉಬ್ಬಿತು, ಇಳಿಯಿತು, ಕಂಬದವರೆಗೆ ಹೋಗಿ ವಾಪಸು ಬಂತು. ಹೆಂಗಸರು ಬಿದ್ದು ಬಿದ್ದು ನಕ್ಕರು. ಇನ್ನೊಮ್ಮೆ ಹಾಕು ಎಂದರು. ನಾಲ್ಕು ಸಲ ಹಾಕಿಸಿದರು. ಹೊರಗೆ ಶಾನವಾಝ್‌ಗೆ ಕೇಳಿಸಿದ್ದು ನಗು ಮಾತ್ರ. ಯಂತ್ರದ ಮಹಿಮೆ ನೋಡಿ ಎಂದು ಮದುಮಗಳ ತಂದೆಗೆ ಬೀಗುತ್ತಾ ಹೇಳಿದ.

ಅಷ್ಟರಲ್ಲಿ ಹಜ್ಜುಮ್ಮ ಬಾಗಿಲಿಗೆ ಬಂದರು.

"ನನ್ನ ಕೆನ್ನೆಗೆ ಎಂತ ಮಾಡಿದ್ದು ಮಾರಾಯ ನೀನು?" ಎಂದು ಕೇಳಿದರು. "ಇನ್ನು ನಮ್ಮ ಮನೆ ಮದುವೆಗೆ ಆ ಕ್ಯಾಮರಾ ಬಂದ್ರೆ ನಾನು ಬರುದಿಲ್ಲ."

ಕೆನ್ನೆಗೆ ಏನಾಯಿತು ಎಂದು ಶಾನವಾಝ್ ನೋಡುವ ಹಾಗೂ ಇಲ್ಲ, ಕೇಳುವ ಹಾಗೂ ಇಲ್ಲ. ನಿಂತಲ್ಲೇ, ಹೆಂಗಸರ ಕಡೆ ಇನ್ನು ನಶೀದಾಳೇ ಎಂದು ಒಪ್ಪಿಕೊಂಡ.

ನಶೀದಾ ಗೆದ್ದಳು. ಆದರೆ ಊಟಕ್ಕೆ ಹೊತ್ತಾಯಿತೆಂದು ಯಾರೋ ಟೀವಿ ಆರಿಸಿಬಿಟ್ಟರು. ಅವಳು ತೆಗೆದದ್ದನ್ನು ಒಬ್ಬರೂ ನೋಡಲಿಲ್ಲ. ಗೆದ್ದದ್ದು ತನ್ನ ನಡಿಗೆಯಲ್ಲ, ಹಜ್ಜುಮ್ಮನ ಕೆನ್ನೆ ಎಂದು ಅವಳಿಗೆ ಬಿರಿಯಾನಿಯೇ ರುಚಿಸಲಿಲ್ಲ. ಅದರ ಮೇಲೆ ಶಾನವಾಝ್ ಶಹನಾಳನ್ನು ಎಲ್ಲರೆದುರು ಬೈದ. ಹುಡುಗಿ ತಲೆ ತಗ್ಗಿಸಿ ನಿಂತದ್ದನ್ನು ನೋಡಲಾಗಲಿಲ್ಲ. ಅವನು ಕಾರು ತರಲು ಹೋದಾಗ ನಶೀದಾ ಗೇಟಿನ ಹತ್ತಿರ ಬಾಯಿಬಿಟ್ಟಳು.

"ಶಹನಾ, ಆ ಲೆನ್ಸ್ ನಾನು ಬೇಕಂತಲೇ ಹೇಳಿದ್ದು."

ಗೊತ್ತು ಎಂದಳು ಶಹನಾ. ಮದುವೆಯ ದಿನ ಬೆಳಿಗ್ಗೆಯೇ ಸ್ಕ್ರೀನಿನಲ್ಲಿ ಮೂಲೆಗಳು ಕುಣಿಯುವುದು ಅವಳಿಗೆ ಕಂಡಿತ್ತಂತೆ. ಊಟದ ಹೊತ್ತಿಗೆ ಬೇರೆ ಲೆನ್ಸ್ ಕೈಯಲ್ಲಿ ಹಿಡಿದು ಬದಲಿಸಲು ಕೂತಿದ್ದಳಂತೆ.

"ಆಗ ನಿಮ್ಮ ಕ್ಯಾಮರಾ ಪಕ್ಕದಲ್ಲೇ ಇತ್ತು. ಮೆಟ್ಟಿಲಿನದ್ದು ನೋಡಿದೆ ಅಕ್ಕ. ಮೂರು ಸಲ ನೋಡಿದೆ."

ನಶೀದಾಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಸಂತೋಷದಿಂದ ಕಣ್ಣೂ ತುಂಬಿತು. ಮತ್ತೆ ಲೆನ್ಸ್ ಯಾಕೆ ಬದಲಿಸಲಿಲ್ಲ ಎಂದು ಮೆಲ್ಲಗೆ ಕೇಳಿದಳು.

"ಅದನ್ನು ನೋಡಿದ ಮೇಲೆ ನಿಮ್ಮ ಕೆಲ್ಸ ನಾನು ತೆಗೊಳ್ಳುದು ಹೇಗೆ?" ಎಂದಳು ಶಹನಾ. "ಊಟ ಮುಗಿಸಿ ಅದೇ ಲೆನ್ಸಲ್ಲಿ ಹಜ್ಜುಮ್ಮನ ಎದುರು ಎರಡು ಸಲ ಓಡಿದೆ."