ಹೆಂಗಸರ ಬಾಗಿಲು

ನಮ್ಮ ಊರಿನ ಕ್ಲಿನಿಕ್ಕಿಗೆ ಎರಡು ಬಾಗಿಲು. ಹಿಂದಿನದು ಹೆಂಗಸರದು. ಕಟ್ಟಡ ಕಟ್ಟುವಾಗ ಅಜ್ಜಿಯಂದಿರೆಲ್ಲ ಹಟ ಹಿಡಿದು ಇಡಿಸಿಕೊಂಡದ್ದು. ನಾಲ್ಕು ತಿಂಗಳಿಂದ ಅದಕ್ಕೆ ಬೀಗ ಹಾಕಿ, ಒಳಗಡೆ ಅಡ್ಡವಾಗಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ನೆಲ ಒರೆಸುವವಳು ನಾನು, ದಿನವೂ ಅವುಗಳ ಸುತ್ತ ಒರೆಸುತ್ತಿದ್ದೆ.

ಪೆಟ್ಟಿಗೆಗಳಲ್ಲಿ ಇದ್ದದ್ದು ಪಟ್ಟಣದಿಂದ ಬಂದ ಊಟದ ಚಿತ್ರಗಳು. ಸಕ್ಕರೆ ಕಾಯಿಲೆಯವರು ತಿನ್ನಬೇಕಾದ ಹಸಿರು ಹೂಕೋಸು, ಗುಲಾಬಿ ಬಣ್ಣದ ಮೀನು. ನಮ್ಮ ಅಂಗಡಿಗೆ ಅವು ಒಂದು ದಿನವೂ ಬಂದಿಲ್ಲ. ಚಿತ್ರ ತೋರಿಸಿದಾಗ ನನ್ನ ತಾಯಿಯ ತಾಯಿ, ಅದೇ ಕಾಯಿಲೆಯ ಮೇವಿಸ್ ಅಜ್ಜಿ ನಕ್ಕಿದ್ದಳು. "ಕಾಂಗರೂ ಬಾಲ ಎಲ್ಲೇ ಇದ್ರಲ್ಲಿ? ಈ ತಟ್ಟೆ ಉಂಡೋರು ಬೇಟೆಗೆ ಹೋಗ್ತಾರೋ, ಮಲಗ್ತಾರೋ?"

ಆ ಮಂಗಳವಾರ ಪಾದದ ಡಾಕ್ಟರು ಬರುವ ದಿನ. ಮೂರು ತಿಂಗಳಿಗೊಮ್ಮೆ ಸಣ್ಣ ವಿಮಾನದಲ್ಲಿ ಬಂದು ಮಧ್ಯಾಹ್ನ ಎರಡು ಗಂಟೆಗೆ ಹೊರಟುಬಿಡುತ್ತಾರೆ. ಹೋದ ಸಲ ಅಜ್ಜಿಯ ಹೆಬ್ಬೆರಳ ಹುಣ್ಣು ಬಟಾಣಿಯಷ್ಟಿತ್ತು. ಈಗ ಅದರ ಅಂಚು ಕಪ್ಪಾಗಿತ್ತು.

ಮುಂದಿನ ಕೋಣೆಯಲ್ಲಿ ರಕ್ತ ಪರೀಕ್ಷೆ ಮಾಡಲು ಕೂರುವವನು ಕ್ಲಿಫ್ಟನ್, ನನ್ನ ದೊಡ್ಡಮ್ಮನ ಗಂಡ. ಎಂದರೆ ಅಜ್ಜಿಗೆ ಅಳಿಯ. ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡಬಾರದು, ಮಾತಾಡಬಾರದು, ಒಂದು ಸೂರಿನ ಕೆಳಗೆ ಎದುರಾಗಬಾರದು. ನಮ್ಮಲ್ಲಿ ಮರ್ಯಾದೆ ಎಂದರೆ ಅದೇ. ಮುಂದಿನ ಬಾಗಿಲಿಂದ ಬಂದರೆ ಅವನೆದುರೇ ಹಾಯಬೇಕು, ಆದ್ದರಿಂದ ಅಜ್ಜಿ ಹೊರಗೆ ಮರದ ಕೆಳಗೆ ಕೂತಳು. ಹೋದ ಸಲವೂ ಅಲ್ಲೇ ಕೂತು ಸಂಜೆ ಮನೆಗೆ ಹೋಗಿದ್ದಳು.

ನರ್ಸ್ ಟ್ರಿಶ್ ಕುರ್ಚಿಗಳ ಕಡೆ ನೋಡಿ ಅಜ್ಜಿಯ ಹೆಸರು ಕೂಗಿ, ಕಾಗದದ ಮೇಲೆ 'ಬರಲಿಲ್ಲ' ಎಂದು ಬರೆದಳು.

"ಸಿಸ್ಟರ್, ಅಜ್ಜಿ ಹೊರಗೆ ಕೂತಿದಾಳೆ," ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಒಳಗೆ ಬರೋಕೆ ಹೇಳು. ಕಣ್ಣು ಮುಚ್ಕೊಂಡು ಎರಡು ನಿಮಿಷ ದಾಟಿದ್ರಾಯ್ತು. ಕ್ಲಿಫ್ಟನ್ ಏನು ಕಚ್ತಾನಾ?"

ಕ್ಲಿಫ್ಟನ್ ತಲೆ ತಗ್ಗಿಸಿದ. ಬಟ್ಟೆ ಬಿಚ್ಚಿ ಎರಡು ನಿಮಿಷ ರಸ್ತೆ ದಾಟು ಎಂದರೆ ನೀನು ದಾಟುತ್ತೀಯಾ ಎಂದು ಟ್ರಿಶ್‌ಳನ್ನು ಕೇಳಬೇಕೆನಿಸಿತು. ಕೇಳಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು.

ಮರದ ಕೆಳಗೆ ಹೋದೆ. ಅಜ್ಜಿ ಟೊಂಗೆಯಿಂದ ಕಾಲಿನ ನೊಣ ಓಡಿಸುತ್ತಿದ್ದಳು.

"ಹೇಳಿದ್ಯಾ?"

"ಹೇಳ್ದೆ."

"ಅವಳಿಗೆ ಕೇಳಿಸ್ತಾ? ನಾಲಿಗೆ ಫ್ರಿಜ್ಜಲ್ಲಿಟ್ಟು ಬಂದಿದೀಯೇನೇ, ರೋಶೆಲ್?"

ವಾಪಸು ಬಂದಾಗ ನನ್ನ ಬಕೆಟ್ಟಿನ ಹಿಡಿಗೆ ಒಂದು ಬೀಗದ ಕೈ ನೇತಾಡುತ್ತಿತ್ತು. ಹಿಂದಿನ ಬಾಗಿಲಿನದು. ಕ್ಲಿಫ್ಟನ್ ನನಗೆ ಬೆನ್ನು ಮಾಡಿ ಕೈ ತೊಳೆಯುತ್ತಿದ್ದ, ಆಗಲೇ ಶುದ್ಧವಾಗಿದ್ದ ಕೈಗಳನ್ನು. ಅತ್ತೆಯ ಬಗ್ಗೆ ಬಾಯಿ ಬಿಡುವ ಹಾಗಿಲ್ಲ ಅವನು. ನಾಲ್ಕು ತಿಂಗಳು ಆ ಪೆಟ್ಟಿಗೆಗಳನ್ನು ನೋಡುತ್ತ ಅವನು ಹೇಗೆ ಕೂತಿದ್ದನೋ.

ನಾನು ಪೆಟ್ಟಿಗೆಗಳನ್ನು ಪಕ್ಕಕ್ಕೆಳೆದೆ, ಬೀಗ ತೆಗೆದೆ, ಒಂದೊಂದಾಗಿ ಹೊರಗೆ ಒಯ್ದು ಕೆಂಪು ಮಣ್ಣಿನ ಮೇಲೆ ಹಾಕಿದೆ. ಸದ್ದಿಗೆ ಟ್ರಿಶ್ ಓಡಿ ಬಂದಳು.

"ಏನಿದು? ಬಿಸಿಲಲ್ಲಿ ಹಾಳಾಗ್ತವೆ ಅವು!"

"ಹಾಳಾಗ್ಲಿ," ಎಂದೆ. ಕೊನೆಯ ಪೆಟ್ಟಿಗೆಯನ್ನೂ ಒಯ್ದೆ.

ಅಜ್ಜಿ ನನ್ನ ಭುಜ ಹಿಡಿದು ತನ್ನ ಬಾಗಿಲಿನಿಂದ ಒಳಗೆ ಬಂದಳು. ಡಾಕ್ಟರು ಮಂಡಿಯೂರಿ ಬೆರಳನ್ನು ನೋಡಿದರು, ಮುಟ್ಟಿದರು.

"ಈ ಬೆರಳು ಉಳಿಯಲ್ಲ ತಾಯಿ. ಇವತ್ತೇ ನನ್ನ ಜೊತೆ ಪಟ್ಟಣಕ್ಕೆ ಬನ್ನಿ, ಪಾದನಾದ್ರೂ ಉಳಿಸೋಣ. ಹೋದ ಸಲವೇ ಬಂದಿದ್ರೆ ಔಷಧಿಯಲ್ಲೇ ವಾಸಿಯಾಗ್ತಿತ್ತು. ಯಾಕೆ ಬರಲಿಲ್ಲ?"

ಟ್ರಿಶ್ ಫೈಲು ತಿರುವಿದಳು. "ಕರೆದಿದ್ವಿ ಡಾಕ್ಟ್ರೇ. ನೋಡಿ, ಹೋದ ಸಲದ್ದು, 'ಬರಲಿಲ್ಲ'. ಇವರು ಹೀಗೇ, ತಮ್ಮ ಕಾಯಿಲೆ ಬಗ್ಗೆ ತಮಗೇ ಕಾಳಜಿ ಇಲ್ಲ."

ಅಜ್ಜಿ ನನ್ನನ್ನೇ ನೋಡಿದಳು.

"ಬಂದಿದ್ದಳು," ಎಂದೆ. ಈ ಸಲ ಎಲ್ಲರಿಗೂ ಕೇಳಿಸಿತು. "ಆ ಮರದ ಕೆಳಗೆ ಸಂಜೆ ತನಕ ಕೂತಿದ್ದಳು. ನೀವು ಬರೆದಿದ್ದು ಸುಳ್ಳು, ಸಿಸ್ಟರ್. ಹೊಡೆದುಹಾಕಿ."

ಅವಳು ಪೆನ್ನು ತೆಗೆಯಲಿಲ್ಲ. ಮೇಜಿನ ಮೇಲೆ ಡಾಕ್ಟರ ಪೆನ್ನು ಇತ್ತು. ನಾನೇ ತೆಗೆದುಕೊಂಡು ಆ ಸಾಲಿನ ಮೇಲೆ ಗೀಟೆಳೆದೆ. ಕೆಳಗೆ ನನ್ನ ಸೊಟ್ಟ ಅಕ್ಷರದಲ್ಲಿ ಬರೆದೆ: 'ಬಂದಿದ್ದಳು. ಬಾಗಿಲು ಮುಚ್ಚಿತ್ತು.'