ಸಡಿಲ ಹಿಡಿತ

ಸೋಮವಾರದಿಂದ ನನಗೆ ಮತ್ತೆ ತುರ್ತು ಚಿಕಿತ್ಸೆಯ ವಾರ್ಡಿನಲ್ಲೇ ಡ್ಯೂಟಿ. ಹೋದ ತಿಂಗಳು ಅಲ್ಲಿಯೇ ರೋಗಿಯ ಕಡೆಯವನೊಬ್ಬ ನನ್ನ ಮುಂಗೈ ಹಿಡಿದು ಗೋಡೆಗೆ ಒತ್ತಿದ್ದ. ಯಾಕೆ ಇಷ್ಟು ತಡ ಎಂದು ಕೇಳಲಿಕ್ಕಂತೆ. ಸೆಕ್ಯುರಿಟಿಯವನು ಬರುವವರೆಗೂ ನನ್ನ ಬಾಯಿಂದ ಸ್ವರವೇ ಹೊರಡಲಿಲ್ಲ. ಆಮೇಲೆಯೇ ನಾನು ಕರಾಟೆ ಕ್ಲಾಸಿಗೆ ಸೇರಿದ್ದು.

ಹಿಡಿತ ಬಿಡಿಸಿಕೊಳ್ಳುವ ಪಾಠದಲ್ಲಿ ನನ್ನಂಥ ಜಾಣೆ ಇಲ್ಲ ಎಂದುಕೊಂಡಿದ್ದೆ. ಹಿಂದಕ್ಕೆ ಜಗ್ಗಬಾರದು. ಹಿಡಿದವನ ಹತ್ತಿರಕ್ಕೇ ಹೆಜ್ಜೆ ಇಟ್ಟು, ಮೊಣಕೈ ಮಡಚಿ, ಅವನ ಹೆಬ್ಬೆರಳೂ ಉಳಿದ ಬೆರಳೂ ಸೇರುವ ಸಂದಿಯಿಂದ ಮುಂಗೈ ಎಳೆದುಕೊಳ್ಳಬೇಕು. ಕ್ಲಾಸಿನಲ್ಲಿ ನನಗೆ ಜೋಡಿ ಬ್ಯಾಂಕಿನ ಕ್ಯಾಷಿಯರಮ್ಮ. ಆಕೆಯ ಹಿಡಿತದಿಂದ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಿಡಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಗಂಡನ ಹಿಡಿತವೂ ಅಷ್ಟೇ ಸಲೀಸು.

ಶನಿವಾರ ಮಾಸ್ಟರ್ ಸಾಲಿನಲ್ಲಿ ಬರುತ್ತಾ ಬರುತ್ತಾ ನನ್ನ ಕೈ ಹಿಡಿದರು. ಹೆಜ್ಜೆ ಇಟ್ಟೆ, ಮಡಚಿದೆ, ಎಳೆದೆ. ಕೈ ಅಲ್ಲೇ ಇತ್ತು. ಕಲಿತದ್ದೆಲ್ಲ ಮರೆತು ಹಿಂದಕ್ಕೆ ಜಗ್ಗತೊಡಗಿದೆ.

"ಇಷ್ಟು ದಿನ ನಿಮ್ಮನ್ನ ಯಾರೂ ಸರಿಯಾಗಿ ಹಿಡಿದೇ ಇಲ್ಲ," ಅಂದರು ಮಾಸ್ಟರ್. "ಪಾಪ ಅಂತ ಬಿಟ್ಟಿದ್ದಾರೆ. ನೀವೂ ಅವರನ್ನ ಹಾಗೇ ಬಿಟ್ಟಿರ್ತೀರಿ."

ಹೌದು. ಕ್ಯಾಷಿಯರಮ್ಮನೂ ನಾನೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡೇ ತಿಂಗಳು ಕಳೆದಿದ್ದೆವು. ಡ್ಯೂಟಿಗೆ ಮುಂಚೆ ಉಳಿದಿದ್ದು ಒಂದು ಭಾನುವಾರ.

ಮನೆಗೆ ಬಂದವಳೇ ಗಂಡನ ಮುಂದೆ ಕೈ ಚಾಚಿದೆ. "ನಿಜವಾಗಿ ಹಿಡೀರಿ."

ಹಿಡಿದರು. ನನ್ನ ಮುಖ ನೋಡಿದ್ದೇ ತಡ, ಬೆರಳು ಸಡಿಲವಾದವು. "ನನ್ನ ಕೈಲಿ ಆಗಲ್ಲ ಕಣೇ. ನಿಂಗೆ ನೋವಾಗುತ್ತೆ."

"ವಾರ್ಡಿಗೆ ಬರೋನು ಹೀಗೇ ನನ್ನ ಮುಖ ನೋಡ್ತಾ ಕೂರ್ತಾನಾ?" ರೇಗಿಬಿಟ್ಟೆ. ಇಷ್ಟು ಒಳ್ಳೆಯ ಗಂಡನನ್ನು ಇಟ್ಟುಕೊಂಡು ಏನು ಮಾಡುವುದು, ಹೇಳಿ.

ಬಟ್ಟೆ ಮಡಚುತ್ತಿದ್ದ ಅತ್ತೆ ಎದ್ದು ಬಂದರು. "ಸರಿಯೋ ಆಚೆ," ಎಂದು ಮಗನನ್ನು ಪಕ್ಕಕ್ಕೆ ತಳ್ಳಿ ನನ್ನ ಬಲಗೈ ಹಿಡಿದರು. ಜೀವಮಾನವಿಡೀ ಒದ್ದೆ ಬೆಡ್‌ಶೀಟ್ ಹಿಂಡಿದ ಕೈ ಅದು. ಹಿಡಿತ ಮೂಳೆಗೇ ತಾಗಿತು. ಆ ಗೋಡೆಯ ತಣುಪು, ಆ ಮನುಷ್ಯನ ಬೆವರಿನ ವಾಸನೆ, ಎಲ್ಲ ಮರಳಿ ಬಂತು.

"ಬಿಡಿ ಅತ್ತೆ. ಭಯ ಆಗ್ತಿದೆ."

"ನಂಗೂ ಆಗ್ತಿದೆ. ಅವತ್ತು ನೀನು ಆ ಬಾತ ಕೈ ಹೊತ್ಕೊಂಡು ಬಂದಾಗಿಂದ ನಂಗೆ ಊಟ ಸೇರ್ತಿಲ್ಲ. ಅದಕ್ಕೇ ಬಿಡಲ್ಲ."

"ಅಮ್ಮ, ಸಾಕು," ಅಂದರು ಗಂಡ.

"ನೀನು ಬಾಯಿ ಮುಚ್ಕೊಂಡಿರು."

ಅವರ ಕಣ್ಣು ತುಂಬಿತ್ತು, ಬೆರಳು ಮಾತ್ರ ಸಡಿಲಲಿಲ್ಲ. ಹಿಂದಕ್ಕೆ ಓಡು ಎನ್ನುತ್ತಿದ್ದ ಕಾಲನ್ನು ಹೇಗೋ ಮುಂದಿಟ್ಟೆ. ಅವರ ಎದೆಗೆ ಎದೆ ತಾಗುವಷ್ಟು ಹತ್ತಿರ ಹೋಗಿ ಮೊಣಕೈ ಮಡಚಿ ಎಳೆದೆ. ಚರ್ಮ ತರಚಿತು, ಕೈ ಹೊರಗೆ ಬಂತು. ನಿಂತಲ್ಲೇ ಅತ್ತುಬಿಟ್ಟೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಈಗ ಎಡಗೈ ಕೊಡು," ಅಂದರು.